ರಿಸ್ಕ್ ನಮ್ಮದು, ಮಾರ್ಜಿನ್ ಅವರದು

ನಮ್ಮ ಕಂದಿಕೆರೆ ಕಡೆ ಅಡಿಕೆ ತೋಟವನ್ನ ಚೇಣಿಗೆ ಕೊಡೋದು ಹಳೇ ಪದ್ಧತಿ. ಫಸಲು ಮರದಲ್ಲಿರುವಾಗಲೇ ಚೇಣಿದಾರ ಬಂದು, ಗೊನೆ ನೋಡಿ, ಮಾತಾಡಿ ಅಡ್ವಾನ್ಸ್ ಕೊಡ್ತಾನೆ. ಆಮೇಲೆ ಕೊಯ್ಲು, ಸುಲಿಯೋದು, ಬೇಯಿಸೋದು ಎಲ್ಲಾ ಅವನ ಪಾಡು. ರೇಟು ಏರಿದರೆ ಲಾಭ ಅವನದು, ಬಿದ್ದರೆ ಲುಕ್ಸಾನೂ ಅವನದೇ. ಅವನು ದುಡ್ಡು ಮಾಡಿದ ವರ್ಷ ತೋಟದವರು ಗೊಣಗಬಹುದು, ಆದರೆ ಮೋಸ ಅನ್ನೋಕಾಗಲ್ಲ. ರಿಸ್ಕ್ ತಗೊಂಡವನು ತಾನೇ?

ಈ ಲೆಕ್ಕವನ್ನ ಬೆಂಗಳೂರಿನ ಟೆಕ್ ಪಾರ್ಕಿನ ಗುತ್ತಿಗೆ ಕೆಲಸಕ್ಕೆ ಹಾಕಿ ನೋಡಿ. ಪ್ರಾಜೆಕ್ಟ್ ನಿಂತರೆ ಮೊದಲು ಹೊರಗೆ ಹೋಗೋನು ಸ್ಟಾಫಿಂಗ್ ಏಜೆನ್ಸಿ ಮೂಲಕ ಬಂದವನು. ಅಂದರೆ ರಿಸ್ಕ್ ಅವನದು. ಆದರೆ ಅವನ ಹೆಸರಲ್ಲಿ ಕ್ಲೈಂಟ್ ತಿಂಗಳಿಗೆ ಎಷ್ಟು ಕಟ್ಟುತ್ತೆ, ಅದರಲ್ಲಿ ಏಜೆನ್ಸಿ ಎಷ್ಟು ಇಟ್ಟುಕೊಳ್ಳುತ್ತೆ ಅನ್ನೋದು ಸಾಮಾನ್ಯವಾಗಿ ಅವನಿಗೇ ಗೊತ್ತಿರಲ್ಲ. ತನ್ನ ಫಸಲಿನ ರೇಟು ತನಗೇ ಗೊತ್ತಿಲ್ಲದ ತೋಟದವನನ್ನ ನಮ್ಮ ಕಡೆ ಯಾರೂ ನೋಡಿಲ್ಲ.

ಗುತ್ತಿಗೆಯೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆರು ತಿಂಗಳ ಮೈಗ್ರೇಶನ್ ಕೆಲಸಕ್ಕೆ ಕಾಯಂ ನೌಕರ ಬೇಕಿಲ್ಲ. ರಜೆಯಿಲ್ಲ, ವಿಮೆಯಿಲ್ಲ, ನಾಳೆಯ ಖಾತ್ರಿಯಿಲ್ಲ ಅಂತ ಹೆಚ್ಚು ದಿನಗೂಲಿ ಕೇಳುವ ಸ್ವತಂತ್ರ ಕನ್ಸಲ್ಟೆಂಟ್‌ಗಳೂ ಇದ್ದಾರೆ. ಅದು ನ್ಯಾಯವಾದ ವ್ಯಾಪಾರ. ನನ್ನ ತಕರಾರು ಇರೋದು ವರ್ಷ ವರ್ಷ ರಿನ್ಯೂ ಆಗುವ ಗುತ್ತಿಗೆ ಬಗ್ಗೆ. ಅದೇ ಟೀಮು, ಅದೇ ಸ್ಟ್ಯಾಂಡಪ್, ಅದೇ ರಾತ್ರಿ ಡ್ಯೂಟಿ. ಬೇರೆ ಇರೋದು ಬ್ಯಾಡ್ಜಿನ ಬಣ್ಣ ಮತ್ತು ಸಂಬಳ.

ಇದು ನಮ್ಮಲ್ಲಿ ಹುಟ್ಟಿದ ಚಾಳಿಯೂ ಅಲ್ಲ. ಮೈಕ್ರೋಸಾಫ್ಟ್ ಹೀಗೆ ವರ್ಷಗಟ್ಟಲೆ 'ಟೆಂಪರರಿ' ಆಗಿಯೇ ಇಟ್ಟುಕೊಂಡಿದ್ದವರು ಕೋರ್ಟಿಗೆ ಹೋದರು. 2000ದಲ್ಲಿ ಕಂಪನಿ 9.7 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ತು. ಆದರೂ 2019ರ ಮಾರ್ಚ್ ಹೊತ್ತಿಗೆ ಗೂಗಲ್‌ನಲ್ಲಿ ಕಾಯಂ ನೌಕರರು ಸುಮಾರು 1,02,000, ತಾತ್ಕಾಲಿಕ ಮತ್ತು ಗುತ್ತಿಗೆಯವರು ಸುಮಾರು 1,21,000 ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು.

ನಮ್ಮ ಪಕ್ಕದ ಕೋಲಾರವನ್ನೇ ನೋಡಿ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಗಲಾಟೆಯಾಯ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದವರು. ಗಾಜು ಒಡೆದದ್ದು ತಪ್ಪೇ. ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಗಿದ್ದು ನಿಜ ಅಂತ ಆಪಲ್ ಕೂಡ ಒಪ್ಪಿಕೊಳ್ತು. ದುಡಿಸಿಕೊಳ್ಳೋನು ಒಬ್ಬ, ಸಂಬಳ ಕೊಡೋನು ಇನ್ನೊಬ್ಬ ಆದಾಗ ಕೇಳೋಕೆ ಯಾರ ಬಾಗಿಲು ತಟ್ಟಬೇಕು?

ಗ್ರಾಚ್ಯುಟಿ ವಿಷಯದಲ್ಲೂ ಅಷ್ಟೇ. 1972ರ ಕಾಯ್ದೆ ಐದು ವರ್ಷದ ಸತತ ಸೇವೆ ಕೇಳುತ್ತಿತ್ತು. ಕೂತ ಕುರ್ಚಿ ಬದಲಾಗದೇ ಇದ್ದರೂ ಪೇರೋಲ್ ಒಂದು ಏಜೆನ್ಸಿಯಿಂದ ಇನ್ನೊಂದಕ್ಕೆ ಹೋದರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುವ ಭಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ ಅನ್ನುತ್ತೆ. ಒಳ್ಳೇದೇ. ಆದರೆ ಮಾರ್ಜಿನ್ ಎಷ್ಟು ಅನ್ನೋ ಪ್ರಶ್ನೆ ಹಾಗೇ ಉಳಿಯಿತು.

ಏಜೆನ್ಸಿಯವರ ವಾದದಲ್ಲೂ ಹುರುಳಿದೆ. ದೊಡ್ಡ ಕಾಲೇಜಿನ ಕ್ಯಾಂಪಸ್ ಸೆಲೆಕ್ಷನ್ ಸಿಗದ ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಹುಡುಗ ಹುಡುಗಿಯರಿಗೆ ದೊಡ್ಡ ಕಂಪನಿಯ ಬಾಗಿಲು ಎಷ್ಟೋ ಸಲ ಹೀಗೇ ತೆರೆಯೋದು. ಆದರೆ 'ಕನ್ವರ್ಷನ್ ಆಗುತ್ತೆ' ಅನ್ನೋ ಮಾತು ಬಾಯಲ್ಲಿರುತ್ತೆ, ಆಫರ್ ಲೆಟರಿನಲ್ಲಿ ಇರಲ್ಲ. ಊರಲ್ಲಿ ಹೆಣ್ಣಿನ ಕಡೆಯವರು 'ಹುಡುಗ ಪರ್ಮನೆಂಟಾ?' ಅಂತ ಕೇಳಿದರೆ ನಾವು ನಗ್ತೀವಿ. ಹೋಮ್ ಲೋನ್ ಕೊಡುವ ಬ್ಯಾಂಕೂ ಅದನ್ನೇ ಕೇಳುತ್ತೆ, ಆಗ ನಗು ಬರಲ್ಲ.

ಹಾಗಾಗಿ ಸಹಿ ಹಾಕೋ ಮೊದಲು ಮೂರು ಕೇಳಿ: ಬಿಲ್ ಎಷ್ಟು, ಕನ್ವರ್ಷನ್ ಯಾವಾಗ, ಪಿಎಫ್ ಯಾರ ಹೆಸರಲ್ಲಿ. ಉತ್ತರ ಬರದೇ ಇರಬಹುದು, ಆದರೂ ಕೇಳಿ. ಕಾಯಂ ಬ್ಯಾಡ್ಜ್ ಇರುವವರೂ ನಿಮ್ಮ ಪಕ್ಕದ ಕುರ್ಚಿಯವರ ಪರವಾಗಿ ಒಮ್ಮೆ ಮ್ಯಾನೇಜರ್ ಹತ್ತಿರ ಬಾಯಿ ಬಿಡಿ. ರಿನ್ಯೂವಲ್‌ಗೆ ಕಾಯ್ತಾ ಕೂತವರು ತಾವೇ ಕೇಳೋದು ಕಷ್ಟ.