ಪ್ರಾಧ್ಯಾಪಕರ ಪಕ್ಷಪಾತವೂ ನಮ್ಮ ಆಯ್ಕೆಯೂ: ‘ಆವರಣ’ದ ಮರುಓದಿನ ನೆವದಲ್ಲಿ

ಪ್ರತಿವರ್ಷ ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ಪುತ್ತೂರು, ಸುಳ್ಯ, ಕಡಬಗಳ ನಮ್ಮ ಮನೆಗಳಲ್ಲಿ ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸುವುದೆಂಬ ಪ್ರಶ್ನೆ ಏಳುತ್ತದೆ. ಹಿಂದೆ ದೂರ, ಶುಲ್ಕ, ಬಸ್ಸಿನ ಅನುಕೂಲ, ವಿದ್ಯಾರ್ಥಿನಿಲಯದ ಊಟ ಇವುಗಳನ್ನು ವಿಚಾರಿಸುತ್ತಿದ್ದೆವು. ಈಗ ಇವುಗಳ ಜತೆಗೆ ‘ಅಲ್ಲಿಯ ಅಧ್ಯಾಪಕರು ಯಾವ ಕಡೆಯವರು?’ ಎಂಬ ವಿಚಾರಣೆಯೂ ಸೇರಿಕೊಂಡಿದೆ. ನಾನು ಸದಸ್ಯನಾಗಿರುವ ಒಂದು ಬಸದಿಯ ವಿದ್ಯಾರ್ಥಿವೇತನ ಸಮಿತಿಯಲ್ಲಿ ಈಚೆಗೆ ಒಂದು ಸೂಚನೆ ಬಂದಿತು: ಧರ್ಮಶ್ರದ್ಧೆಯನ್ನು ಕದಲಿಸುವ ಅಧ್ಯಾಪಕರಿರುವ ಕಾಲೇಜುಗಳಿಗೆ ಹೋಗುವ ಮಕ್ಕಳಿಗೆ ವೇತನ ಕೊಡಬಾರದು; ಸಂಪ್ರದಾಯನಿಷ್ಠ ಕಾಲೇಜುಗಳ ಪಟ್ಟಿಯೊಂದನ್ನು ಮಾಡಿ ಅಲ್ಲಿ ಓದುವವರಿಗಷ್ಟೇ ಕೊಡಬೇಕು. ಸೂಚಿಸಿದ ಹಿರಿಯರು ಸಜ್ಜನರು, ಉದಾರಿಗಳು. ತಮ್ಮ ಮಾತಿಗೆ ಆಧಾರವಾಗಿ ಅವರು ಎಸ್.ಎಲ್. ಭೈರಪ್ಪನವರ ‘ಆವರಣ’ವನ್ನು ಹೆಸರಿಸಿದರು. ನಿರ್ಣಯವನ್ನು ಮುಂದಿನ ಸಭೆಗೆ ಬಿಡಲಾಯಿತು. ಮನೆಗೆ ಬಂದು ಆ ಕಾದಂಬರಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ.

2007ರಲ್ಲಿ ಪ್ರಕಟವಾದ ‘ಆವರಣ’ ಕೆಲವೇ ತಿಂಗಳಲ್ಲಿ ಅನೇಕ ಮುದ್ರಣಗಳನ್ನು ಕಂಡ ಕೃತಿ. ಲಕ್ಷ್ಮಿ ಎಂಬ ಚಲನಚಿತ್ರಕಲೆಯ ವಿದ್ಯಾರ್ಥಿನಿ ಅಮೀರನನ್ನು ವರಿಸಿ ರಜಿಯಾ ಆಗುತ್ತಾಳೆ. ಹಂಪಿಯ ಕುರಿತ ಸಾಕ್ಷ್ಯಚಿತ್ರವೊಂದರ ಸಂದರ್ಭದಲ್ಲಿ, ತಾನು ನಂಬಿಕೊಂಡು ಬಂದ ಇತಿಹಾಸದ ವಿಷಯದಲ್ಲಿ ಅವಳಿಗೆ ಸಂಶಯ ಹುಟ್ಟುತ್ತದೆ. ಪ್ರಗತಿಪರರೆಂದು ಹೆಸರಾದ ಪ್ರೊಫೆಸರ್ ಶಾಸ್ತ್ರಿಯವರು ಅವಳ ಬೌದ್ಧಿಕ ಮಾರ್ಗದರ್ಶಕರು. ಸತ್ಯಕ್ಕಿಂತ ಸಿದ್ಧಾಂತಕ್ಕೆ, ಸಿದ್ಧಾಂತಕ್ಕಿಂತ ಸ್ಥಾನಮಾನಕ್ಕೆ ಹೆಚ್ಚು ಬೆಲೆ ಕೊಡುವ ವಿದ್ವಾಂಸನ ಚಿತ್ರವಾಗಿ ಭೈರಪ್ಪನವರು ಅವರನ್ನು ಬರೆದಿದ್ದಾರೆ.

ಈ ಆರೋಪ ನಿರಾಧಾರವೆಂದು ನಾನು ಹೇಳಲಾರೆ. ಒಂದು ಕಾಲದಲ್ಲಿ ನಮ್ಮ ವಿದ್ಯಾಪೀಠಗಳ ವಿಚಾರಸಂಕಿರಣಗಳಲ್ಲಿ ಒಂದೇ ಬಗೆಯ ಮಾತಿಗೆ ಮನ್ನಣೆಯಿತ್ತೆಂಬುದನ್ನು ಬಲ್ಲವರು ಬಲ್ಲರು. ಭೈರಪ್ಪನವರು ಸ್ವತಃ ಅಧ್ಯಾಪಕರಾಗಿದ್ದವರು. ಒಳಗಿನ ವ್ಯವಹಾರವನ್ನು ಕಂಡು ಬರೆದವರು. 2025ರ ಸೆಪ್ಟೆಂಬರಿನಲ್ಲಿ ಅವರು ದಿವಂಗತರಾದ ಮೇಲೂ ಈ ಕೃತಿಯ ಚರ್ಚೆ ನಿಂತಿಲ್ಲವೆಂದರೆ, ಅದು ಮುಟ್ಟಿದ ನೋವು ನಿಜವಾದುದೆಂದೇ ಅರ್ಥ.

ಆದರೆ ಕೃತಿಯ ದೋಷವನ್ನೂ ಹೇಳಬೇಕು. ನಮ್ಮ ದರ್ಶನಪರಂಪರೆಯಲ್ಲಿ ವಾದಕ್ಕಿಳಿದವನು ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸಬೇಕು. ಹರಿಭದ್ರಸೂರಿಗಳು ‘ಷಡ್ದರ್ಶನಸಮುಚ್ಚಯ’ದಲ್ಲಿ ಬೌದ್ಧ, ಸಾಂಖ್ಯಾದಿ ಪರಮತಗಳನ್ನು ಆಯಾ ಮತದವರು ಒಪ್ಪುವಂತೆ ನಿರೂಪಿಸಿದರು. ತಮಗೆ ವೀರನಲ್ಲಿ ಪಕ್ಷಪಾತವಿಲ್ಲ, ಕಪಿಲಾದಿಗಳಲ್ಲಿ ದ್ವೇಷವಿಲ್ಲ, ಯುಕ್ತಿಯುಕ್ತವಾದುದನ್ನು ಸ್ವೀಕರಿಸಬೇಕೆಂಬ ಅಭಿಪ್ರಾಯ ಅವರದು. ಈ ಅಳತೆಯಿಂದ ನೋಡಿದರೆ ಶಾಸ್ತ್ರಿಯವರ ಪಾತ್ರ ದುರ್ಬಲವಾಗಿದೆ. ಅವರ ಬಾಯಲ್ಲಿ ಒಂದೂ ಗಟ್ಟಿಯಾದ ವಾದವಿಲ್ಲ. ಸೋಲುವುದಕ್ಕೆಂದೇ ನಿಲ್ಲಿಸಿದ ಮಲ್ಲನಂತೆ ಅವರು ಕಾಣುತ್ತಾರೆ. ಭೈರಪ್ಪನವರು ವಾದಿಯೇ ಹೊರತು ಕಾದಂಬರಿಕಾರರಲ್ಲ ಎಂಬರ್ಥದ ಮಾತನ್ನು ಯು.ಆರ್. ಅನಂತಮೂರ್ತಿಯವರು ಆಗ ಆಡಿದ್ದರು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ದೂರು ಬೇರೆ: ವಾದವೆಂದು ತೆಗೆದುಕೊಂಡರೂ ಅಲ್ಲಿ ಪ್ರತಿವಾದಿಗೆ ನ್ಯಾಯ ಸಿಕ್ಕಿಲ್ಲ.

ಇನ್ನೊಂದು ಸಂಗತಿಯನ್ನು ಓದುಗರು ಗಮನಿಸದೆ ಬಿಡುತ್ತಾರೆ. ಸಂಶಯಗ್ರಸ್ತಳಾದ ರಜಿಯಾ ಏನು ಮಾಡಿದಳು? ಶಾಸ್ತ್ರಿಯವರನ್ನು ಬಿಟ್ಟು ವಿರುದ್ಧ ಪಕ್ಷದ ಪ್ರೊಫೆಸರರ ಬಳಿಗೆ ಹೋಗಲಿಲ್ಲ. ತಂದೆಯ ಊರಿಗೆ ಹೋಗಿ, ಅವರು ಕೂಡಿಟ್ಟ ಗ್ರಂಥಗಳ ನಡುವೆ ಕುಳಿತು, ತಾನೇ ಓದಿ ಟಿಪ್ಪಣಿ ಮಾಡಿಕೊಂಡಳು. ಕಾದಂಬರಿ ಸೂಚಿಸುವ ಪರಿಹಾರ ಸ್ವಾಧ್ಯಾಯವೇ ಹೊರತು ಕಾಲೇಜಿನ ಬದಲಾವಣೆಯಲ್ಲ. ಆದುದರಿಂದ ‘ಆವರಣ’ವನ್ನು ಮುಂದಿಟ್ಟುಕೊಂಡು ನಮ್ಮ ಮತದ ಅಧ್ಯಾಪಕರಿರುವ ಕಡೆಗೇ ಮಕ್ಕಳನ್ನು ಕಳುಹಿಸೋಣವೆನ್ನುವವರು ಕೃತಿಯ ಅರ್ಧವನ್ನು ಮಾತ್ರ ಓದಿದ್ದಾರೆಂದು ವಿನಯದಿಂದ ಹೇಳಬೇಕಾಗಿದೆ.

ಪಕ್ಷಪಾತ ಒಂದೇ ಕಡೆಯ ಸ್ವತ್ತೂ ಅಲ್ಲ. ಬರಗೂರು ರಾಮಚಂದ್ರಪ್ಪನವರ ನೇತೃತ್ವದಲ್ಲಿ ಪರಿಷ್ಕೃತವಾಗಿ 2017ರಲ್ಲಿ ಬಂದ ಶಾಲಾ ಪಠ್ಯಗಳನ್ನು 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿ ತಿದ್ದಿತು. 2023ರಲ್ಲಿ ಸರಕಾರ ಬದಲಾದೊಡನೆ ಅವು ಮತ್ತೆ ತಿದ್ದಲ್ಪಟ್ಟವು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕಿಳಿಯಿತು. ಸಮಾಜವೇ ವಿದ್ವಾಂಸನ ಮೇಲೆ ಕೈಯೆತ್ತಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಧಾರವಾಡದ ಪ್ರಾಧ್ಯಾಪಕ ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ದ ಮೊದಲ ಸಂಪುಟದಲ್ಲಿ ಶರಣಚರಿತ್ರೆಯ ಬಗ್ಗೆ ಬರೆದುದಕ್ಕಾಗಿ 1989ರಲ್ಲಿ ಸ್ವಸಮಾಜದವರ ಒತ್ತಡಕ್ಕೆ ಮಣಿದು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಅವರು ತಮ್ಮ ಮನೆಯಲ್ಲೇ ಗುಂಡೇಟಿಗೆ ಬಲಿಯಾದರು. ಅವರ ಎಲ್ಲ ನಿಲುವುಗಳನ್ನು ಒಪ್ಪದಿರಬಹುದು. ಆದರೆ ಅಹಿಂಸಾವ್ರತಿಗಳಾದ ನಮಗೆ ಇದು ಎಚ್ಚರಿಕೆಯಾಗಬೇಡವೆ?

ನಮ್ಮ ಇತಿಹಾಸವನ್ನೇ ಒರೆಗಲ್ಲಾಗಿ ತೆಗೆದುಕೊಳ್ಳೋಣ. ಏಕಾಂತದ ರಾಮಯ್ಯ ಜಿನಬಿಂಬವನ್ನು ಭಂಗಿಸಿದುದನ್ನು ಹೇಳುವ ಅಬ್ಬಲೂರಿನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಸಂಧಾನ ಮಾಡಿಸಿದ ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವೂ ಇದೆ. ಸಂಪ್ರದಾಯನಿಷ್ಠನೆನಿಸಿಕೊಂಡ ಅಧ್ಯಾಪಕನಿಗೆ ಮೊದಲನೆಯದು ಇರಿಸುಮುರಿಸು. ನಮ್ಮ ಹಿಂದಿನ ಕಾಲವೆಲ್ಲ ಕಲಹಮಯವೆನ್ನುವವನಿಗೆ ಎರಡನೆಯದು. ಪರಮತಗಳನ್ನು ಕಟುವಾಗಿ ಹಾಸ್ಯಮಾಡಿದ ಬ್ರಹ್ಮಶಿವನ ‘ಸಮಯಪರೀಕ್ಷೆ’ ನಮಗೇ ಇರಿಸುಮುರಿಸು. ಈ ಮೂರನ್ನೂ ಮುಚ್ಚಿಡದೆ ಕಲಿಸುವವನು ಒಳ್ಳೆಯ ಅಧ್ಯಾಪಕ. ಅವನು ಯಾವ ಪಕ್ಷಕ್ಕೆ ಮತ ಹಾಕುತ್ತಾನೆಂಬುದು ಅನಂತರದ ಮಾತು.

ಪ್ರತಿಯೊಂದು ದೃಷ್ಟಿಕೋನವೂ ಒಂದು ನಯ; ಉಳಿದುದನ್ನು ನಿರಾಕರಿಸಿದಾಗ ಅದೇ ದುರ್ನಯವಾಗುತ್ತದೆ. ಅಧ್ಯಾಪಕನಿಗೆ ಒಲವಿರುವುದು ದೋಷವಲ್ಲ. ಒಲವಿಲ್ಲದ ಮನುಷ್ಯನಿಲ್ಲ. ತನ್ನ ಒಲವೇ ಸಮಗ್ರ ಸತ್ಯವೆಂದು ವಿದ್ಯಾರ್ಥಿಯ ಮೇಲೆ ಹೇರುವುದು ದೋಷ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಆಪ್ತನನ್ನೂ ಪರೀಕ್ಷೆಗೆ ಒಡ್ಡಿದರು, ದೇವತೆಗಳ ಆಗಮನ, ಆಕಾಶಗಮನಗಳು ಮಾಯಾವಿಗಳಲ್ಲೂ ಕಾಣುವುದರಿಂದ ಅವು ಹಿರಿಮೆಗೆ ಕಾರಣವಲ್ಲವೆಂದರು. ಅಂಥವರ ಪರಂಪರೆಯ ಮಕ್ಕಳು ಪ್ರಶ್ನೆಗೆ ಅಂಜುವುದು ತರವಲ್ಲ.

ಜೈನೇತರ ವಿದ್ವಾಂಸರ ಋಣವೂ ನಮ್ಮ ಮೇಲಿದೆ. ಜೈನಕವಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದವರು ಕ್ರೈಸ್ತ ಮಿಷನರಿ ಕಿಟ್ಟೆಲರು. ‘ವಡ್ಡಾರಾಧನೆ’ಯನ್ನು ಸಂಪಾದಿಸಿ 1949ರಲ್ಲಿ ಕೊಟ್ಟವರು ಮೈಸೂರಿನ ಪ್ರಾಧ್ಯಾಪಕ ಡಿ.ಎಲ್. ನರಸಿಂಹಾಚಾರ್ಯರು. ‘ನಮ್ಮವರು’ ಎಂಬ ಪಟ್ಟಿ ಮಾಡಿದ್ದರೆ ಇವರಿಬ್ಬರೂ ಅದರ ಹೊರಗುಳಿಯುತ್ತಿದ್ದರು.

ನಮ್ಮ ಊರುಗಳ ಕಾಲೇಜುಗಳನ್ನೇ ನೋಡಿ. ಪುತ್ತೂರಿನ ಸಂತ ಫಿಲೋಮಿನಾ 1958ರಲ್ಲಿ ಕಥೋಲಿಕರಿಂದ, ವಿವೇಕಾನಂದ ಕಾಲೇಜು 1965ರಲ್ಲಿ ಬೇರೊಂದು ಆದರ್ಶದಿಂದ, ಸುಳ್ಯದ ನೆಹರು ಮೆಮೋರಿಯಲ್ 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರ ಶ್ರಮದಿಂದ ಹುಟ್ಟಿದವು. ನಮ್ಮ ಮಕ್ಕಳು ಮೂರರಲ್ಲೂ ಓದಿದ್ದಾರೆ. ಯಾವ ಕಾಲೇಜೂ ಅವರ ಧರ್ಮವನ್ನು ಕಿತ್ತುಕೊಂಡುದನ್ನು ನಾನು ಕಾಣೆ. ನಾನು ಅಡಿಕೆ ವ್ಯಾಪಾರಿ. ಚೀಲದ ಮೇಲಿನ ಗುರುತು ನೋಡಿ ಯಾರೂ ಬೆಲೆ ಕಟ್ಟುವುದಿಲ್ಲ. ಅಡಿಕೆಯನ್ನು ತುಂಡರಿಸಿ ಒಳಗನ್ನು ನೋಡುತ್ತೇವೆ. ಕಾಲೇಜಿಗೂ ಅದೇ ಪರೀಕ್ಷೆ ಸಲ್ಲುತ್ತದೆ. ಗ್ರಂಥಾಲಯದಲ್ಲಿ ಒಂದೇ ವಿಷಯದ ಮೇಲೆ ವಿರುದ್ಧ ಅಭಿಪ್ರಾಯಗಳ ಪುಸ್ತಕಗಳಿವೆಯೆ? ಅಧ್ಯಾಪಕರು ಎದುರುಪಕ್ಷವನ್ನು ಅದರವರು ಒಪ್ಪುವಂತೆ ಹೇಳುತ್ತಾರೆಯೆ? ಒಪ್ಪದ ವಿದ್ಯಾರ್ಥಿಗೂ ಉತ್ತರದ ಗುಣಕ್ಕೆ ತಕ್ಕ ಅಂಕ ದೊರೆಯುತ್ತದೆಯೆ? ಇವನ್ನು ಹಿಂದಿನ ವಿದ್ಯಾರ್ಥಿಗಳಲ್ಲಿ ವಿಚಾರಿಸಿದರೆ ಸಾಕು.

ಈ ಮಾತುಗಳನ್ನು ಬರೆಯುವ ಅಧಿಕಾರ ನನಗೆ ಒಂದು ತಪ್ಪಿನಿಂದ ಬಂದಿದೆ. ಬಹಳ ವರ್ಷಗಳ ಹಿಂದೆ ನನ್ನ ಮಗಳು ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂದಳು. ಅಲ್ಲಿಯ ಪ್ರಾಧ್ಯಾಪಕರು ನಾಸ್ತಿಕರೆಂದು ಯಾರೋ ಹೇಳಿದ್ದನ್ನು ಕೇಳಿ ನಾನು ತಡೆದೆ. ನನ್ನಂತೆಯೇ ವಾಣಿಜ್ಯ ಓದಿಸಿದೆ. ಆ ಪ್ರಾಧ್ಯಾಪಕರನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಅವರ ಒಂದು ಲೇಖನವನ್ನೂ ಓದಿರಲಿಲ್ಲ. ಮಗಳು ಎದುರಾಡಲಿಲ್ಲ. ಈಗ ಅವಳು ನಮ್ಮ ಮಂಡಿಯ ಲೆಕ್ಕವನ್ನು ಸೊಗಸಾಗಿ ನೋಡುತ್ತಾಳೆ. ಕಳೆದ ವರ್ಷ ಬಸದಿಯೊಂದರ ಅಂಗಳದ ಶಾಸನದ ಮುಂದೆ ಬಹಳ ಹೊತ್ತು ನಿಂತಿದ್ದಳು. “ಏನು ಬರೆದಿದೆ ಮಗಾ?” ಎಂದು ಕೇಳಿದೆ. “ಓದಲು ಕಲಿಯಲಿಲ್ಲವಲ್ಲ ಅಪ್ಪ” ಎಂದಳು. ಆಕ್ಷೇಪದ ಧ್ವನಿಯಿರಲಿಲ್ಲ, ಇದ್ದಿದ್ದರೆ ನನಗೆ ಹಗುರವೆನಿಸುತ್ತಿತ್ತು. ಅವಳ ಶ್ರದ್ಧೆಯನ್ನು ಕಾಪಾಡಿದೆನೆಂದು ಭಾವಿಸಿದ್ದ ನಾನು ನಿಜವಾಗಿ ಕಾಪಾಡಿದ್ದು ನನ್ನ ಅಂಜಿಕೆಯನ್ನು.

ಆದುದರಿಂದ ಮುಂದಿನ ಸಭೆಯಲ್ಲಿ ನಾನು ಆ ಸೂಚನೆಯನ್ನು ವಿರೋಧಿಸುವವನಿದ್ದೇನೆ. ವೇತನಕ್ಕೆ ಪ್ರತಿಭೆ ಮತ್ತು ಬಡತನ ಇವೆರಡೇ ಅರ್ಹತೆಯಾಗಲಿ. ಶ್ರದ್ಧೆಯ ರಕ್ಷಣೆ ಬೇಕೆನ್ನುವ ಟ್ರಸ್ಟುಗಳು ಆ ಹಣದಲ್ಲಿ ಸ್ವಲ್ಪವನ್ನು ಬಸದಿಯ ಗ್ರಂಥಭಂಡಾರಕ್ಕೆ ಕೊಡಲಿ, ರಜಾದಿನಗಳಲ್ಲಿ ಸ್ವಾಧ್ಯಾಯ ತರಗತಿಗಳನ್ನು ನಡೆಸಲಿ. ಮನೆಯಲ್ಲಿ ಗ್ರಂಥವಿದ್ದು, ಅದನ್ನು ಓದುವ ಹಿರಿಯರಿದ್ದು, ಪ್ರಶ್ನೆಗೆ ಸಿಟ್ಟಾಗದ ತಂದೆತಾಯಿಗಳಿದ್ದರೆ ಮಗು ಯಾವ ಪ್ರಾಧ್ಯಾಪಕನ ಎದುರಿಗಾದರೂ ಧೈರ್ಯವಾಗಿ ಕುಳಿತು ಬರಬಲ್ಲದು. ಇವು ಇಲ್ಲದ ಮನೆಗೆ ಯಾವ ಸಂಪ್ರದಾಯನಿಷ್ಠ ಕಾಲೇಜೂ ಆಸರೆಯಾಗಲಾರದು. ಧರ್ಮಬಂಧುಗಳು ವಿಚಾರಿಸಿ ನೋಡಬೇಕೆಂದು ಪ್ರಾರ್ಥನೆ.