ಬಟ್ಟೆಯೋ ಮಣಿಯೋ

1922ರ ನವೆಂಬರಿನಲ್ಲಿ ಹೊವಾರ್ಡ್ ಕಾರ್ಟರ್ ಈಜಿಪ್ಟಿನ ರಾಜಕಣಿವೆಯಲ್ಲಿ ತುತಾಂಖಾಮನ್ ದೊರೆಯ ಸಮಾಧಿಯನ್ನು ಕಂಡುಹಿಡಿದುದನ್ನೂ ಅಲ್ಲಿ ದೊರೆತ ಚಿನ್ನದ ಮುಖವಾಡವನ್ನೂ ಅರಿಯದ ವಿದ್ಯಾವಂತರು ವಿರಳ. ಆದರೆ ಅದೇ ಸಮಾಧಿಯ ಪೆಟ್ಟಿಗೆಗಳೊಳಗೆ ಆ ಬಾಲರಾಜನು ಉಟ್ಟು ತೊಟ್ಟ ಬಟ್ಟೆಬರೆಗಳೂ ಇದ್ದುವೆಂಬುದನ್ನು ಬಲ್ಲವರು ಅಷ್ಟಾಗಿ ಇಲ್ಲ. ಅಗಸೆನಾರಿನ ಅಂಗಿಗಳು, ನಮ್ಮ ಕೌಪೀನವನ್ನು ನೆನಪಿಗೆ ತರುವ ತ್ರಿಕೋಣಾಕೃತಿಯ ಒಳವಸ್ತ್ರಗಳು ನೂರಕ್ಕೂ ಮಿಗಿಲಾಗಿ, ಮಣಿಕಟ್ಟಿನ ಬಳಿ ದಾರದಿಂದ ಕಟ್ಟಿಕೊಳ್ಳುವ ಕೈಗವಸುಗಳು, ಹೆಜ್ಜೆಯಿಟ್ಟಾಗಲೆಲ್ಲ ದೊರೆಯು ವೈರಿಗಳನ್ನು ಮೆಟ್ಟುವಂತಾಗಲೆಂದು ಬಂಧಿತ ಶತ್ರುಗಳ ಚಿತ್ರವನ್ನು ಅಂಗಾಲಿಗೆ ತಾಗುವೆಡೆಯಲ್ಲಿ ಬಿಡಿಸಿದ ಪಾದರಕ್ಷೆಗಳು, ಇವೆಲ್ಲವೂ ಅಲ್ಲಿದ್ದುವು. ಚಿನ್ನಕ್ಕೆ ಮೂರು ಸಾವಿರ ವರ್ಷಗಳು ಒಂದು ಲೆಕ್ಕವಲ್ಲ. ನಾರಿನ ನೂಲಿಗೆ ಅದು ಯುಗಾಂತರ.

ಈ ಉಡುಪುಗಳನ್ನು ಹೊರತೆಗೆದ ಬಗೆಯನ್ನು ಕಾರ್ಟರನೂ ಅವನ ಸಹಕಾರಿಯಾದ ಆರ್ಥರ್ ಮೇಸನೂ 1923ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ನಿರೂಪಿಸಿದ್ದಾರೆ. ಮುಂಗೋಣೆಯಲ್ಲಿ ಬೇಟೆಯ ಮತ್ತು ಯುದ್ಧದ ದೃಶ್ಯಗಳಿಂದ ಚಿತ್ರಿತವಾದ ಒಂದು ಮರದ ಪೆಟ್ಟಿಗೆಯಿತ್ತು. ಪ್ರಾಚೀನಕಾಲದಲ್ಲಿಯೇ ಕಳ್ಳರು ನುಗ್ಗಿ ಚೆಲ್ಲಾಪಿಲ್ಲಿ ಮಾಡಿದುದನ್ನು ಸ್ಮಶಾನದ ಅಧಿಕಾರಿಗಳು ಅವಸರದಲ್ಲಿ ಮುದ್ದೆಗಟ್ಟಿ ತುರುಕಿದ್ದರಿಂದ, ಪಾದರಕ್ಷೆಗಳ ಕೆಳಗೆ ಮಣಿಗಳನ್ನೂ ಚಿನ್ನದ ತಗಡಿನ ಬಿಲ್ಲೆಗಳನ್ನೂ ಹೊಲಿದ ಉಡುಪುಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿದ್ದಿದ್ದುವು. ಎರಡನೆಯ ಸೇತಿಯ ಬರಿದಾದ ಸಮಾಧಿಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡಿದ್ದ ಅವರಿಗೆ ಈ ಒಂದು ಪೆಟ್ಟಿಗೆಯ ತಳ ಮುಟ್ಟಲು ಮೂರು ವಾರಗಳು ಹಿಡಿದುವು. ಮಣಿಗಳನ್ನು ಪೋಣಿಸಿದ್ದ ದಾರವು ಲಡ್ಡಾಗಿ ಹೋಗಿದ್ದೆಡೆ ಕರಗಿಸಿದ ಮೇಣವನ್ನು ಸುರಿದು ಅವು ಉದುರದಂತೆ ಹಿಡಿದರು. ಬಟ್ಟೆಯ ವಿಷಯದಲ್ಲಿ ಮಾತ್ರ ಅವರು ಕವಲುದಾರಿಯಲ್ಲಿ ನಿಂತರು: ನೇಯ್ಗೆಯನ್ನು ಉಳಿಸಹೊರಟರೆ ಮಡಿಕೆಗಳೊಳಗಿನ ಅಲಂಕರಣದ ವಿನ್ಯಾಸ ತಿಳಿಯದೆ ಹೋಗುತ್ತದೆ, ವಿನ್ಯಾಸವನ್ನು ತಿಳಿಯಬೇಕಾದರೆ ನೇಯ್ಗೆಯನ್ನು ಪದರಪದರವಾಗಿ ಬಲಿಗೊಡಬೇಕಾಗುತ್ತದೆ. ಅವರು ಬಹುಮಟ್ಟಿಗೆ ಎರಡನೆಯ ದಾರಿಯನ್ನೇ ಹಿಡಿದು, ಮುಂದೆ ವಸ್ತುಸಂಗ್ರಹಾಲಯದಲ್ಲಿ ಅದೇ ಅಳತೆಯ ಹೊಸ ಉಡುಪನ್ನು ಹೊಲಿಸಿ ಅದರ ಮೇಲೆ ಹಳೆಯ ಮಣಿಗಳನ್ನೂ ಬಿಲ್ಲೆಗಳನ್ನೂ ಕೂಡಿಸಬಹುದೆಂದೂ, ಜೀರ್ಣವಾದ ಬಟ್ಟೆಯ ತುಣುಕುಗಳಿಗಿಂತ ಅಂತಹ ಉಡುಪೇ ಹೆಚ್ಚು ಉಪಯುಕ್ತವೂ ಹೆಚ್ಚು ಶಾಶ್ವತವೂ ಆದುದೆಂದೂ ವಾದಿಸಿದರು.

ಆ ಇಬ್ಬರ ತಾಳ್ಮೆಯನ್ನೂ ಪ್ರಾಮಾಣಿಕತೆಯನ್ನೂ ನಾನು ಮನಸಾರೆ ಗೌರವಿಸುತ್ತೇನೆ. ಮುಟ್ಟಿದರೆ ಬೂದಿಯಾಗುವ ವಸ್ತುವನ್ನು ಎದುರಿಗಿಟ್ಟುಕೊಂಡು, ಒಂದೊಂದು ಸಾಲಿನ ಅಳತೆಯನ್ನೂ ಚೀಟಿಗಳಲ್ಲಿ ಬರೆದಿಟ್ಟವರನ್ನು ದೂರದಲ್ಲಿ ಕುಳಿತವರು ಹಳಿಯುವುದು ಸಲ್ಲದು. ಆದರೂ ಅವರ ವಾದವು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಊರುಗಳಲ್ಲಿ ಹಳೆಯ ಜರತಾರಿ ಸೀರೆಗಳನ್ನು ಕೊಂಡೊಯ್ಯುವವರು ರೇಷ್ಮೆಯನ್ನು ಸುಟ್ಟು ಅದರ ಬೂದಿಯಿಂದ ಬೆಳ್ಳಿಯನ್ನು ತೆಗೆದುಕೊಳ್ಳುವುದುಂಟು; ಕಾರ್ಟರನ ಉದ್ದೇಶವು ಅವರದಕ್ಕಿಂತ ಎಷ್ಟೋ ಉನ್ನತವಾದುದೆಂಬುದರಲ್ಲಿ ಸಂದೇಹವಿಲ್ಲ, ಆದರೆ ತೂಗಿದ ತಕ್ಕಡಿ ಒಂದೇ. ಹೊಳೆಯುವುದು ಉಡುಪಿನ ಸಾರ, ನೂಲು ಅದನ್ನು ಹೊತ್ತುಕೊಂಡಿರುವ ಆಳು ಎಂಬ ಭಾವನೆ ಎರಡರಲ್ಲಿಯೂ ಇದೆ.

ಈ ಭಾವನೆ ಎಷ್ಟು ನಷ್ಟಕರವೆಂಬುದಕ್ಕೆ ಅದೇ ಸಮಾಧಿಯ ಒಂದು ಅಂಗಿಯೇ ಸಾಕ್ಷಿ. ಕತ್ತಿನ ಸೀಳಿನ ಸುತ್ತ ಜೀವಚಿಹ್ನೆಯಾದ ಆಂಖ್‌ನ ಆಕೃತಿಯನ್ನೂ ಅಂಚಿನ ಪಟ್ಟಿಗಳಲ್ಲಿ ಸ್ತ್ರೀಮುಖದ ರೆಕ್ಕೆಯ ಸಿಂಹಗಳ ಕಸೂತಿಯನ್ನೂ ಉಳ್ಳ ಆ ಅಂಗಿಯನ್ನು ವಿದ್ವಾಂಸರಾದ ಗ್ರೇಸ್ ಕ್ರೋಫುಟ್ ಮತ್ತು ನಾರ್ಮನ್ ಡೇವಿಸ್ ಪರೀಕ್ಷಿಸಿ 1941ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಈಜಿಪ್ಟಿನ ದೊರೆಯ ಮೈಮೇಲಿನ ಆ ಕಸೂತಿಯಲ್ಲಿ ಸಿರಿಯಾದ ಕೈಗಾರಿಕೆಯ ಸಂಪ್ರದಾಯವಿದೆಯೆಂದು ಅವರು ಕಂಡುಕೊಂಡುದು ಬಟ್ಟೆಯೂ ಹೊಲಿಗೆಯೂ ಕಣ್ಣಿಗೆ ಸಿಕ್ಕುವಂತೆ ಉಳಿದಿದ್ದುದರಿಂದ. ಹೊಸ ಬಟ್ಟೆಗೆ ಹಳೆಯ ಬಿಲ್ಲೆಗಳನ್ನು ತಗುಲಿಸಿದ ಉಡುಪಿನಿಂದ ಇಂತಹ ಜ್ಞಾನವು ಎಂದಿಗೂ ಹುಟ್ಟದು. ಏಕೆಂದರೆ ಆ ಉಡುಪಿಗೆ ತನ್ನನ್ನು ಹೊಲಿದವನು ತಿಳಿದಿದ್ದುದಕ್ಕಿಂತ ಹೆಚ್ಚಿನದೇನೂ ತಿಳಿದಿರುವುದಿಲ್ಲ.

ಇದಕ್ಕಿಂತಲೂ ದೊಡ್ಡ ಸಾಕ್ಷಿಯೊಂದು ಚಿನ್ನದ ಸುಳಿವೇ ಇಲ್ಲದ ಎಡೆಯಿಂದ ಬಂದಿದೆ. ಕೈರೋ ನಗರದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ತಾರ್ಖಾನ್ ಎಂಬಲ್ಲಿ ಪುರಾತತ್ತ್ವಜ್ಞನಾದ ಫ್ಲಿಂಡರ್ಸ್ ಪೆಟ್ರಿಯು 1913ರ ಸುಮಾರಿಗೆ ಅಗೆಸಿದ ಸಮಾಧಿಯೊಂದರಲ್ಲಿ, ಕೊಳ್ಳೆಗಾರರು ಬಿಸುಟ ಹಾಳು ಬಟ್ಟೆಯ ರಾಶಿ ಸಿಕ್ಕಿತು. ಪೆಟ್ರಿಯು ಅದನ್ನು ಎಸೆಯಲಿಲ್ಲ, ಬಿಡಿಸಲೂ ಇಲ್ಲ. ಗಂಟಾಗಿಯೇ ಲಂಡನ್ನಿಗೆ ಸಾಗಿಸಿದನು. ಅರವತ್ತಕ್ಕೂ ಮೇಲ್ಪಟ್ಟು ವರ್ಷಗಳ ಕಾಲ ಹಾಗೆಯೇ ಇದ್ದ ಆ ಮಣ್ಣುಮೆತ್ತಿದ ಗಂಟನ್ನು 1977ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಸಂರಕ್ಷಕರು ಬಿಡಿಸಿದಾಗ ಅದರೊಳಗಿನಿಂದ ಒಂದು ಉಡುಪು ಹೊರಬಂದಿತು: ಮೂರು ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದುದು, ಕೊರಳು ಮುಂದುಗಡೆ ಕೋನವಾಗಿ ಇಳಿದುದು, ಹಾಸಿನಲ್ಲಿ ಮಾಸಲು ಬೂದುಬಣ್ಣದ ಗೆರೆಗಳುಳ್ಳುದು, ತೋಳಿನ ಮೇಲೂ ಹೆಗಲಿನ ಮೇಲೂ ಚಾಕುವಿನ ಅಲುಗಿನಷ್ಟು ಕಿರಿದಾದ ನೆರಿಗೆಗಳನ್ನು ಒತ್ತಾಗಿ ಹಿಡಿದುದು. ಅದು ಒಳಮೈ ಹೊರಗಾಗಿ ಮಗುಚಿದಂತೆ ಇದ್ದಿತು. ಎಂದರೆ ತಲೆಯ ಮೇಲಿಂದ ಎಳೆದು ಕಳಚಿದವರು ಯಾರೋ ಅದನ್ನು ಹಾಗೆಯೇ ಬಿಟ್ಟಿದ್ದರು. ಕಂಕುಳಲ್ಲಿಯೂ ಮೊಣಕೈಯ ಬಳಿಯಲ್ಲಿಯೂ ಇದ್ದ ಸುಕ್ಕುಗಳು, ಇದು ಶವಕ್ಕೆಂದು ಮಾಡಿದ ಉಡುಪಲ್ಲ, ಬದುಕಿದ್ದವರು ತೊಟ್ಟು ಕೈಬೀಸಿ ನಡೆದಾಡಿದುದು ಎಂಬುದನ್ನು ನಿಸ್ಸಂಶಯವಾಗಿ ತಿಳಿಸಿದುವು. 2015ರಲ್ಲಿ ಎರಡು ಮಿಲಿಗ್ರಾಮಿಗಿಂತ ತುಸು ಹೆಚ್ಚಿನ ನೂಲನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಅದರ ಕಾಲವು ಕ್ರಿ. ಪೂ. 3482ರಿಂದ 3102ರೊಳಗೆ ಬೀಳುವುದೆಂದು ತಿಳಿದುಬಂದಿತು. ನಮಗೆ ತಿಳಿದಮಟ್ಟಿಗೆ ನೆಯ್ದು ಹೊಲಿದ ಉಡುಪುಗಳಲ್ಲಿ ಇದಕ್ಕಿಂತ ಹಳೆಯದು ಬೇರೆ ಇಲ್ಲ.

ಸಂರಕ್ಷಕರು ಇದಕ್ಕೆ ಮಾಡಿದ ಉಪಚಾರವೂ ಗಮನಾರ್ಹವಾದುದು. ಕ್ರೇಪ್‌ಲೀನ್ ಎಂಬ ಪಾರದರ್ಶಕವಾದ ರೇಷ್ಮೆಯ ಬಟ್ಟೆಯನ್ನು ಆಧಾರವಾಗಿಟ್ಟು ಅದಕ್ಕೆ ಹಳೆಯ ನೂಲನ್ನು ಸಣ್ಣ ಸಣ್ಣ ಹೊಲಿಗೆಗಳಿಂದ ಹಿಡಿಸಿದರು. ನಾಳೆ ಇನ್ನೂ ಉತ್ತಮವಾದ ಉಪಾಯ ಹೊಳೆದರೆ ಆ ಹೊಲಿಗೆಗಳನ್ನು ಬಿಚ್ಚಬಹುದು. ಸುಕ್ಕುಗಳನ್ನು ಅಳಿಸಲಿಲ್ಲ. ಸುಕ್ಕನ್ನು ಕೊಳೆಯೆಂದು ಬಗೆಯದೆ ಅಕ್ಷರವೆಂದು ಬಗೆದ ಈ ವಿವೇಕವೇ ವಸ್ತ್ರಸಂರಕ್ಷಣೆಯ ಶಾಸ್ತ್ರವು ಕಾರ್ಟರನ ಕಾಲದಿಂದೀಚೆಗೆ ಸಾಧಿಸಿದ ನಿಜವಾದ ಪ್ರಗತಿಯೆಂದು ನನ್ನ ಭಾವನೆ.

ಹಾಗೆಂದು ನೂಲೇ ಉಳಿಯದೆಡೆ ಏನು ಮಾಡಬೇಕು? ಗೀಜಾದಲ್ಲಿ 1927ರಲ್ಲಿ ದೊರೆತು ಈಗ ಬಾಸ್ಟನ್ನಿನ ಸಂಗ್ರಹಾಲಯದಲ್ಲಿರುವ, ಖೂಫು ದೊರೆಯ ಕಾಲದ ಮಣಿಬಲೆಯ ಉಡುಪಿನಲ್ಲಿ ದಾರವೆಲ್ಲ ಮಣ್ಣುಪಾಲಾಗಿದ್ದಿತು. ಕೆಲವು ಮಣಿಗಳು ಮಾತ್ರ ಹೆಂಗಸಿನ ಶವದ ಮೇಲೆ ತಮ್ಮ ಮೊದಲಿನ ಸಾಲಿನಲ್ಲಿಯೇ ಬಿದ್ದಿದ್ದುದರಿಂದ ಬಲೆಯ ಕಣ್ಣಿನ ಅಳತೆಯನ್ನು ಅರಿತು ಉಳಿದುದನ್ನು ಪೋಣಿಸಲು ಸಾಧ್ಯವಾಯಿತು. ಇಲ್ಲಿ ಬಲಿಗೊಟ್ಟುದು ಏನೂ ಇಲ್ಲ. ಆದುದರಿಂದ ಹೊಸ ದಾರದ ಬಗೆಗೆ ನನ್ನ ಆಕ್ಷೇಪವೂ ಇಲ್ಲ.

ಪ್ರತಿಕೃತಿಗಳ ಬೆಲೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಮಂದವಾದ ದೀಪದಡಿಯಲ್ಲಿ, ಗಾಜಿನ ಹಿಂದೆ, ಕಂದುಬಣ್ಣಕ್ಕೆ ತಿರುಗಿದ ಬಟ್ಟೆಯನ್ನು ಕಂಡು ಅದು ಒಮ್ಮೆ ಬೆಳ್ಳಗೆ ಬೆಳಗುತ್ತಿದ್ದಿತೆಂದೂ, ಮಣಿಗಳ ಭಾರಕ್ಕೆ ಜೋಲುತ್ತಿದ್ದಿತೆಂದೂ ಊಹಿಸಿಕೊಳ್ಳುವುದು ಸಾಮಾನ್ಯ ಪ್ರೇಕ್ಷಕನಿಗೆ ಸುಲಭವಲ್ಲ. 1990ರ ದಶಕದಲ್ಲಿ ಗಿಲಿಯನ್ ಫೋಗಲ್‌ಸಾಂಗ್-ಈಸ್ಟ್‌ವುಡ್ ಎಂಬ ವಿದುಷಿಯ ನೇತೃತ್ವದಲ್ಲಿ ತುತಾಂಖಾಮನನ ಉಡುಪುಗಳ ಅಧ್ಯಯನ ನಡೆದು, ಅವುಗಳ ಪ್ರತಿಕೃತಿಗಳು ಸಿದ್ಧವಾದುವು. ಮೂಲದ ಒಂದು ಮಣಿಯನ್ನೂ ಅವುಗಳಿಗೆ ಬಳಸಿಕೊಳ್ಳಲಿಲ್ಲ; ಅಳಿದುಳಿದ ಮೂಲವಸ್ತ್ರಗಳನ್ನೂ ಕಾರ್ಟರನ ಚೀಟಿಗಳನ್ನೂ ಎದುರಿಗಿಟ್ಟುಕೊಂಡು ನೂಲಿನಿಂದ ಮೊದಲ್ಗೊಂಡು ಎಲ್ಲವನ್ನೂ ಹೊಸದಾಗಿ ಮಾಡಿದರು. ಕಾರ್ಟರನು ಬಯಸಿದ ಹೊಸ ಉಡುಪು ಹೀಗೆ ಹುಟ್ಟಿತು. ಅದಕ್ಕೆ ನೆರವಾದುದು ಅವನು ಅಷ್ಟೇನೂ ಬೆಲೆಯಿಲ್ಲವೆಂದು ಬಗೆದ ಹರಕು ತುಣುಕುಗಳು.

ಇಂತಹ ಪ್ರತಿಕೃತಿಗಳನ್ನು ಪ್ರದರ್ಶಿಸುವ ಸಂಗ್ರಹಾಲಯಗಳಿಂದ ನಾನು ಅಪೇಕ್ಷಿಸುವುದು ಇನ್ನೊಂದಿದೆ. ತಾರ್ಖಾನಿನ ಉಡುಪಿನ ಕೆಳಅಂಚು ಉಳಿದಿಲ್ಲ. ಅದು ಸೊಂಟದವರೆಗಿನ ಅಂಗಿಯಾಗಿದ್ದಿತೋ ಕಾಲಿನವರೆಗೆ ಇಳಿಯುವ ನಿಲುವಂಗಿಯಾಗಿದ್ದಿತೋ ಆ ನೂಲು ಹೇಳುವುದಿಲ್ಲ. ಅದರ ಪ್ರತಿಕೃತಿಯನ್ನು ಹೊಲಿಯುವವನಾದರೋ ಎಲ್ಲಿಯಾದರೂ ಕತ್ತರಿಸಲೇಬೇಕು. ಅವನು ಎಲ್ಲಿ ಕತ್ತರಿಸಿದನು, ಯಾವ ಆಧಾರದಿಂದ ಕತ್ತರಿಸಿದನು ಎಂಬುದನ್ನು ಆ ಉಡುಪಿನ ಪಕ್ಕದಲ್ಲಿಯೇ, ಮಗುವೂ ಓದಬಲ್ಲ ಅಕ್ಷರಗಳಲ್ಲಿ ಬರೆದಿಡಬೇಕು.