ಪೆಟ್ಟಿಗೆಯ ಮೇಲಿನ ಎರಡನೆಯ ಬರಹ

ಹಳೆಯ ಮಿಲಿಟರಿ ಮರದ ಪೆಟ್ಟಿಗೆಗಳನ್ನು ಕೂಡಿಡುವವರು ಮೊದಲು ನೋಡುವುದು ಮರವನ್ನಲ್ಲ, ಅಕ್ಷರವನ್ನು. ಅಚ್ಚಿಟ್ಟು ಬಳಿದ ಅಂಕಿ, ಇಸವಿ, ಬ್ರಿಟಿಷ್ ಸರ್ಕಾರದ ಬಾಣದ ಗುರುತು ಇದ್ದರೆ ಬೆಲೆ ಏರುತ್ತದೆ. ಹಗ್ಗದ ಹಿಡಿ, ಒಳಗಿನ ತಗಡು ಉಳಿದಿದ್ದರೆ ಇನ್ನಷ್ಟು. ಆಮೇಲೆ ಯಾರೋ ಬಳಿದ ಹಸಿರು ಬಣ್ಣ, ಜಡಿದ ಚಿಲಕ, ಅರಿಶಿನ ಕುಂಕುಮದ ಕಲೆ ಇದ್ದರೆ ಬೆಲೆ ಇಳಿಯುತ್ತದೆ. ಈ ಅಭಿರುಚಿಯ ಬಗ್ಗೆ ನನ್ನ ತಕರಾರಿದೆ.

ಮೊದಲು ‘ಆಂಟಿಕ್’ ಎಂಬ ಮಾತು. 1972ರ ನಮ್ಮ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಇಂಥ ವಸ್ತುವಿಗೆ ಕನಿಷ್ಠ 100 ವರ್ಷವಾಗಿರಬೇಕು. ಎರಡನೆಯ ಮಹಾಯುದ್ಧದ ಪೆಟ್ಟಿಗೆಗೆ ಆ ವಯಸ್ಸಾಗಿಲ್ಲ. ಅಂದಮೇಲೆ ಇಲ್ಲಿ ಮಾರಾಟವಾಗುತ್ತಿರುವುದು ಹಳಮೆಯಲ್ಲ, ಯುದ್ಧದ ಗತ್ತು.

ಯುದ್ಧ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಹೊಸದಲ್ಲ. ಶಿರಾ ಬಿಜಾಪುರದವರ ಕೈಯಿಂದ 1687ರಲ್ಲಿ ಮೊಗಲರಿಗೆ ಹೋಯಿತು. 1761ರಲ್ಲಿ ಹೈದರಾಲಿಯ ವಶವಾಯಿತು. ಮಧುಗಿರಿ, ಪಾವಗಡ, ಚನ್ನರಾಯನದುರ್ಗದ ಬೆಟ್ಟಗಳ ಮೇಲೆ ಕೋಟೆಗಳಿವೆ. ಕೋಟೆಯೆಂದರೆ ಅರ್ಧ ಗೋಡೆ, ಇನ್ನರ್ಧ ದಾಸ್ತಾನು: ದವಸ, ನೀರು, ಮದ್ದು. ಮಧುಗಿರಿ ಬೆಟ್ಟ ಹತ್ತಿದವರಿಗೆ ಕಣಜವೂ ದೊಣೆಯೂ ಇಂದಿಗೂ ಕಾಣುತ್ತವೆ. ಅತ್ತ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ಟುಗಳು ಹೊರಬಂದವು. ಕಲ್ಲು ಉಳಿಯುತ್ತದೆ, ಕಬ್ಬಿಣವೂ ತುಕ್ಕು ಹಿಡಿದು ಉಳಿಯುತ್ತದೆ. ಮರ ಹಾಗಲ್ಲ, ಬಿಟ್ಟರೆ ಗೆದ್ದಲಿನ ಪಾಲು. ಮರದ ಪೆಟ್ಟಿಗೆ ಉಳಿಯಬೇಕಾದರೆ ಯಾರಾದರೂ ಅದನ್ನು ಬಳಸುತ್ತಿರಬೇಕು.

ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರು ದೊಡ್ಡ ಸೇನಾ ನೆಲೆ. 1940ರಲ್ಲಿ ಶುರುವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಿಮಾನಗಳನ್ನೂ ದುರಸ್ತಿ ಮಾಡಿತು. ಯುದ್ಧ ಮುಗಿದ ಮೇಲೆ ಮಿಕ್ಕ ಸಾಮಾನನ್ನು ಸರ್ಕಾರ ಮಾರಿತು. ಇಂಥ ಪೆಟ್ಟಿಗೆ ಒಂದು ಮನೆ ಸೇರಿತೆನ್ನಿ. ಅದು ನೆಲದ ತೇವ ತಾಗದಂತೆ ಕಲ್ಲಿನ ಮೇಲೆ ಕೂರುತ್ತದೆ. ಅದರೊಳಗೆ ಮಚ್ಚು, ಕುಡುಗೋಲು, ಜಮೀನಿನ ಪತ್ರ ಸೇರುತ್ತವೆ. ಸೇನೆಗೆ ಅದು ಒಂದು ಸಾಗಣೆಯ ಸಾಮಾನು, ಈ ಮನೆಗೆ ಒಂದು ಆಸ್ತಿ. ಕೊಂಡವರು ಮರಳುಕಾಗದ ಹಿಡಿದು ಉಜ್ಜಿ ತೆಗೆಯುವುದು ಈ ದೀರ್ಘ ಬದುಕನ್ನೇ. ಗುಂಡು ಹೊತ್ತ ಕೆಲವು ತಿಂಗಳು ‘ಅಸಲಿ’, ಸಂಸಾರ ಹೊತ್ತ ಎಪ್ಪತ್ತು ವರ್ಷ ಕೊಳೆ!

ಕೂಡಿಡುವವರ ವಾದವನ್ನೂ ಕೇಳಬೇಕು: ಅವರು ಕೊಳ್ಳದಿದ್ದರೆ ಪೆಟ್ಟಿಗೆ ಒಲೆಗೆ ಹೋಗುತ್ತಿತ್ತು. ಈ ಮಾತು ನಿಜ. ಆದರೆ ಉಳಿಸುವುದು ಬೇರೆ, ಉಜ್ಜುವುದು ಬೇರೆ. ಉಜ್ಜುವುದರಲ್ಲಿ ಅಪಾಯವೂ ಇದೆ. ಅಮೆರಿಕದ ಸೇನೆ ಹುಳ, ಬೂಷ್ಟು ತಡೆಯಲು ಎಷ್ಟೋ ಮದ್ದುಗುಂಡಿನ ಪೆಟ್ಟಿಗೆಗಳಿಗೆ ಪೆಂಟಾಕ್ಲೋರೋಫಿನಾಲ್ ಎಂಬ ವಿಷ ಉಣಿಸಿತ್ತು. ಅಂಥ ಮರದ ಧೂಳು ಮೂಗಿಗೆ ಹೋಗಬಾರದು, ಅದನ್ನು ಸುಡಬಾರದು, ಅದರಲ್ಲಿ ಕಾಳು ತುಂಬಬಾರದು. ಅಡುಗೆಮನೆಯ ಅಲಂಕಾರಕ್ಕೆ ಅದನ್ನು ತರುವವರಿಗೆ ಮಾರುವವರು ಇದನ್ನು ಹೇಳಬೇಕು.

ಹಾಗಾದರೆ ಒಳ್ಳೆಯ ಸಂಗ್ರಹ ಯಾವುದು? ಎರಡೂ ಬರಹಗಳನ್ನು ಉಳಿಸಿಕೊಂಡದ್ದು. ಸೇನೆಯ ಅಂಕಿಯ ಮೇಲೆ ಮನೆಯವರ ಬಣ್ಣ ಬಿದ್ದಿದ್ದರೆ ಬಿದ್ದಿರಲಿ. ಪೆಟ್ಟಿಗೆ ಯಾವ ಊರಿನದು, ಅದರಲ್ಲಿ ಏನಿಡುತ್ತಿದ್ದರು ಎಂದು ಮಾರುವ ಮನೆಯವರನ್ನೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದರೆ ಸಾಕು. ಬಾಣದ ಗುರುತಿನ ಅರ್ಥ ಹೇಳುವ ಪುಸ್ತಕಗಳು ಸಿಗುತ್ತವೆ. ಆ ಚಿಲಕ ಜಡಿದದ್ದು ಯಾಕೆಂದು ಹೇಳಬಲ್ಲ ಅಜ್ಜಿ ಮನೆಯಲ್ಲಿ ಇರುವಾಗಲೇ ಕೇಳಬೇಕು.